ಕೌರವನಿಗೊಂದು ಬಾಡಿಗೆ ಕಿರೀಟ: ಶಿವಮೊಗ್ಗದ ವೇಷದಂಗಡಿಯ ಬಗ್ಗೆ

ಈ ಅಂಗಡಿಗೆ ಬೋರ್ಡಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಳಕ್ಕೆ ಹೋಗುವ ಒಂದು ಅಡ್ಡಕೇರಿಯಲ್ಲಿ, ಮಹಡಿ ಮೆಟ್ಟಿಲಿನ ಬುಡದಲ್ಲಿ, ಮೊಳೆಗೆ ನೇತುಹಾಕಿದ ಹನುಮಂತನ ಬಾಲವೊಂದಿದೆ. ಅದೇ ಗುರುತು. ಬಾಲ ಕಂಡರೆ ಅಂಗಡಿ ತೆರೆದಿದೆ. ಕಾಣದಿದ್ದರೆ ಯಜಮಾನರು ಊಟಕ್ಕೆ ಹೋಗಿರುತ್ತಾರೆ, ಇಲ್ಲವೇ ಬಾಲವೇ ಬಾಡಿಗೆಗೆ ಹೋಗಿರುತ್ತದೆ. ನಾನು ಮೊದಲ ಸಲ ಹೋದ ದಿನ ಬಾಲ ಬಾಡಿಗೆಗೆ ಹೋಗಿತ್ತು. ಅದೇ ಕೇರಿಯಲ್ಲಿ ಮೂರು ಸುತ್ತು ಹಾಕಿ, ಕೊನೆಗೆ ಹೂ ಕಟ್ಟುವವರೊಬ್ಬರು ‘ಡ್ರೆಸ್ಸಿನವರಾ? ಮೇಲೆ ಹತ್ತಿ’ ಅಂದ ಮೇಲೆ ಸಿಕ್ಕಿತು.

ತೀರ್ಥಹಳ್ಳಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು ನಾನು. ‘ದುರಂತ ನಾಯಕ’ ಅನ್ನುವ ಮಾತನ್ನು ಕರಿಹಲಗೆಯ ಮೇಲೆ ಬರೆದು ಬರೆದು ನನಗೇ ಸಾಕಾಗಿತ್ತು. ವಾರ್ಷಿಕೋತ್ಸವದಲ್ಲಿ ನಾಟಕಕ್ಕೆ ಹೇಗೂ ಒಂದು ಗಂಟೆ ಕೊಡುತ್ತಾರೆ, ಈ ಸಲ ಆಡಿಯೇ ತೋರಿಸೋಣ ಅಂದುಕೊಂಡೆ. ಮೊದಲು ಭಾಸನ ಸಂಸ್ಕೃತ ನಾಟಕ ‘ಊರುಭಂಗ’, ತೊಡೆ ಮುರಿದು ಬಿದ್ದ ಕೌರವನ ಕೊನೆಯ ಗಳಿಗೆಯ ಕತೆ, 40 ನಿಮಿಷಕ್ಕೆ ಇಳಿಸಿದ್ದು. ಆಮೇಲೆ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಈಡಿಪಸ್ ನಾಟಕದ ಕೊನೆಯ 20 ನಿಮಿಷ. ಮಕ್ಕಳು ಒಪ್ಪಿದರು, ಪ್ರಿನ್ಸಿಪಾಲರು ‘ಖರ್ಚು ಎಷ್ಟು’ ಅಂತ ಮಾತ್ರ ಕೇಳಿದರು. ಹಾಗಾಗಿ ಡಿಸೆಂಬರಿನಲ್ಲಿ ಈ ಮೆಟ್ಟಿಲು ಹತ್ತಿದೆ. ಒಟ್ಟು ಮೂರು ಸಲ ಹೋಗಿ ಬಂದದ್ದರಿಂದ ಬರೆಯುವಷ್ಟು ಅಧಿಕಾರ ಇದೆ ಅಂದುಕೊಂಡಿದ್ದೇನೆ.

ಒಳಗೆ ಕಾಲಿಟ್ಟರೆ ನುಸಿಗುಳಿಗೆ, ಕೊಬ್ಬರಿ ಎಣ್ಣೆ, ಹಳೇ ಬೆವರು ಸೇರಿದ ಒಂದು ವಾಸನೆ. ಮಳೆಗಾಲದಲ್ಲಿ ಇದರ ಜೊತೆ ಬೂಷ್ಟಿನ ವಾಸನೆಯೂ ಸೇರುತ್ತದಂತೆ. ಓಬವ್ವ, ಚೆನ್ನಮ್ಮ, ಅಕ್ಕಮಹಾದೇವಿ, ವಿವೇಕಾನಂದ ಎಲ್ಲರೂ ಹ್ಯಾಂಗರಿನಲ್ಲಿ ಸಾಲಾಗಿ ತೂಗುತ್ತಿರುತ್ತಾರೆ. ಕೃಷ್ಣನ ಡ್ರೆಸ್ಸೇ 20ರ ಮೇಲಿವೆ, ಎಲ್ಲ ಎರಡರಿಂದ ಆರು ವರ್ಷದ ಅಳತೆ. ಒಂದು ಮೂಲೆಯಲ್ಲಿ ಟೊಮೇಟೊ, ಬದನೆಕಾಯಿ, ಟ್ರಾಫಿಕ್ ಲೈಟು. ಕಿರೀಟ, ಭುಜಕೀರ್ತಿ, ಎದೆಪದಕ, ಡಾಬು, ಜರಿಪಂಚೆ ಸೇರಿದ ‘ರಾಜಾ ಸೆಟ್’ ದಿನಕ್ಕೆ 450 ರೂಪಾಯಿ. ಗದೆ 80, ಗಡ್ಡ ಮೀಸೆ 60. ಡಿಪಾಸಿಟ್ 2000, ನಗದೇ ಆಗಬೇಕು. ಪೇಟೆಯವರಿಗೆ ಸಂಜೆಯಿಂದ ಸಂಜೆಗೆ ಒಂದು ದಿನ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಬಸ್ಸಿನ ಕಷ್ಟ ಗೊತ್ತಿದ್ದು ಒಂದು ದಿನ ಬಿಟ್ಟಿ ಕೊಡುತ್ತಾರೆ. ಈ ಒಂದು ಗುಣಕ್ಕೇ ಅರ್ಧ ಸ್ಟಾರ್ ಜಾಸ್ತಿ ಕೊಡಬಹುದು.

ಯಜಮಾನರಿಗೆ ಎಪ್ಪತ್ತು ದಾಟಿದೆ. ಹಿಂದೆ ನಾಟಕ ಕಂಪನಿಯಲ್ಲಿ ದರ್ಜಿಯಾಗಿದ್ದವರು. ನಾನು ಪಟ್ಟಿ ಕೊಟ್ಟೆ. ಮೊದಲ ಹೆಸರು ನೋಡಿಯೇ ಕನ್ನಡಕ ತೆಗೆದರು.

‘ಕೌರವ ಅಂದ್ರೆ ಎಂತ ಮೇಡಮ್ಮ, ರಾಜಾ ಪಾರ್ಟಾ, ಖಳನ ಪಾರ್ಟಾ? ಕಿರೀಟ ಬೇರೆ ಬೇರೆ.’

ನೋಡಿದರೆ ಕಿರೀಟಗಳಿಗೆ ನಿಜವಾಗಿಯೂ ಎರಡು ಅಟ್ಟಣೆ. ಎಡಗಡೆ ರಾಮ, ಧರ್ಮರಾಯ, ಹರಿಶ್ಚಂದ್ರ, ಕೃಷ್ಣದೇವರಾಯ. ಬಲಗಡೆ ರಾವಣ, ಕಂಸ, ಹಿರಣ್ಯಕಶಿಪು. ಅವೆಲ್ಲ ಅಗಲ ಜಾಸ್ತಿ, ಕೆಂಪು ಕಪ್ಪು ಬಣ್ಣ, ಒಂದಕ್ಕಂತೂ ಮೀಸೆಯನ್ನು ದಾರ ಕಟ್ಟಿ ಇಟ್ಟಿದ್ದರು, ಕಳೆದುಹೋಗಬಾರದು ಅಂತ.

‘ಎಲ್ರೂ ಕೌರವನಿಗೆ ಈ ಕಡೇದೇ ತಗೊಂಡ್ ಹೋಗೋದು’ ಅಂತ ಬಲಗಡೆ ತೋರಿಸಿದರು.

‘ಎರಡೂ ಆಗಲ್ಲ ಯಜಮಾನ್ರೆ’ ಅಂದೆ.

‘ಎರಡೂ ಆಗ್ದೇ ಇರೋನು ನನ್ನ ಹತ್ರ ಇಲ್ವಲ್ಲ.’

ಇಷ್ಟು ವರ್ಷ ಪಾಠ ಮಾಡಿಯೂ ನನ್ನ ಬಾಯಲ್ಲಿ ಬಾರದ ಮಾತು ಇದು. ಮಕ್ಕಳ ಕೈಯಲ್ಲಿರುವ ಗೈಡಿನಲ್ಲಿ ದುರಂತ ನಾಯಕನಿಗೆ ಐದು ಲಕ್ಷಣ: ಉನ್ನತ ಕುಲ, ಒಂದು ದೋಷ, ಪತನ, ಅರಿವು, ಸಾವು. ಐದು ಅಂಕ, ಐದು ಸಾಲು. ದುರಂತ ನಾಯಕ ಯಾರಾಗಬಲ್ಲ ಅಂತ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಹುಡುಕಿದ್ದು ಬೇರೆ ಥರ. ಅವನು ಈ ಯಜಮಾನರ ಹಾಗೆ ಒಂದೊಂದೇ ಅಟ್ಟಣೆ ನೋಡಿ ‘ಇದು ಆಗಲ್ಲ, ಇದೂ ಆಗಲ್ಲ’ ಅಂತ ಪಕ್ಕಕ್ಕಿಡುತ್ತಾ ಹೋದ. ಪೂರಾ ಒಳ್ಳೆಯವನು ಹಾಳಾದರೆ ನೋಡುವವರಿಗೆ ಜುಗುಪ್ಸೆ. ಕೆಟ್ಟವನು ಉದ್ಧಾರವಾದರೆ ಯಾವ ರಸವೂ ಹುಟ್ಟುವುದಿಲ್ಲ. ಕಡುಕೆಟ್ಟವನು ಮಣ್ಣುಮುಕ್ಕಿದರೆ ‘ಹಾಗೇ ಆಗ್ಬೇಕು’ ಅನ್ನುವ ತೃಪ್ತಿ ಸಿಗುತ್ತದೆ, ಆದರೆ ಅಲ್ಲಿ ಕರುಣೆಯೂ ಇಲ್ಲ, ಭಯವೂ ಇಲ್ಲ. ಕರುಣೆ ಬರುವುದು ಸಲ್ಲದ ಕಷ್ಟ ಬಂದವನ ಮೇಲೆ, ಭಯ ಬರುವುದು ನಮ್ಮಂಥವನಿಗೇ ಬಂತಲ್ಲ ಅಂತ. ಇವೆಲ್ಲ ತೆಗೆದ ಮೇಲೆ ಉಳಿಯುವವನು ನಡುವಿನವನು. ಹೆಸರು ದೊಡ್ಡದು, ಗುಣ ನಮ್ಮ ನಿಮ್ಮಂತೆ ಮಿಶ್ರ, ಕೆಟ್ಟದ್ದು ಒಂದು ‘ಹಮಾರ್ತಿಯ’ದಿಂದ.

ಆ ಹಮಾರ್ತಿಯವನ್ನು ಗೈಡಿನವರು ‘ದೋಷ’ ಅಂದುಬಿಟ್ಟಿದ್ದಾರೆ. ಹಾಗಂದ ತಕ್ಷಣ ಅದು ಬಿಪಿ ಶುಗರ್ ಥರ ಮೈಯೊಳಗಿನ ಕಾಯಿಲೆ ಆಗಿಬಿಡುತ್ತದೆ. ಗ್ರೀಕಿನಲ್ಲಿ ಆ ಮಾತಿನ ಬೇರು ಗುರಿ ತಪ್ಪುವುದು. ಬಾಣ ಬಿಟ್ಟ, ಬೇರೆ ಕಡೆ ನಾಟಿತು. ಈಡಿಪಸ್ಸನನ್ನೇ ನೋಡಿ. ಮೂರು ದಾರಿ ಸೇರುವಲ್ಲಿ ಜಗಳವಾಗಿ ಒಬ್ಬ ಮುದುಕನನ್ನು ಕೊಂದ, ಅಪ್ಪ ಅಂತ ಗೊತ್ತಿರಲಿಲ್ಲ. ಸ್ಫಿಂಕ್ಸ್ ಅನ್ನುವ ರಾಕ್ಷಸಿಯ ಒಗಟು ಬಿಡಿಸಿ ಥೀಬ್ಸಿನ ದೊರೆಯಾದ, ಕೈಹಿಡಿದವಳು ತಾಯಿ ಅಂತ ಗೊತ್ತಿರಲಿಲ್ಲ. ಊರಿಗೆ ಸಾಂಕ್ರಾಮಿಕ ಬಂದಾಗ ಕಾರಣ ಹುಡುಕಲು ಹೊರಟ. ಕುರುಡ ಕಣಿಗಾರ ಟೈರೀಸಿಯಸ್ ಕೇಳಬೇಡ ಅಂದ, ಹೆಂಡತಿ ಜೊಕಾಸ್ಟ ಬೇಡ ಅಂದಳು, ಕೊನೆಗೆ ಅವನ ಹುಟ್ಟಿನ ಗುಟ್ಟು ಗೊತ್ತಿದ್ದ ಮುದಿ ಕುರುಬನೂ ಬೇಡ ಅಂದ. ಸೋಮಾರಿ ದೊರೆಯಾಗಿದ್ದರೆ ಅಲ್ಲಿಗೇ ಬಿಟ್ಟು ಬದುಕಿಕೊಳ್ಳುತ್ತಿದ್ದ. ಒಗಟು ಬಿಡಿಸುವ ಚಟವೇ ಅವನನ್ನು ದೊರೆ ಮಾಡಿದ್ದು, ಅದೇ ಕೊನೆಗೆ ಕಣ್ಣು ತೆಗೆಸಿದ್ದು. ಇದರಲ್ಲಿ ದೋಷ ಯಾವುದು ಅಂತ ಬಿಟ್ಟ ಸ್ಥಳ ತುಂಬಿ, ನೋಡೋಣ.

ಇಷ್ಟನ್ನೂ ಯಜಮಾನರಿಗೆ ಹೇಳಲಿಲ್ಲ ಬಿಡಿ. ‘ಹುಡುಗನ್ನ ಕರ್ಕೊಂಡ್ ಬನ್ನಿ, ತಲೆ ಅಳತೆ ನೋಡಿ ಹೇಳ್ತೀನಿ’ ಅಂದರು.

ಎರಡನೇ ಸಲ ನನ್ನ ಕೌರವನನ್ನೇ ಕರೆದುಕೊಂಡು ಹೋದೆ. ಮಾತು ಕಡಿಮೆ, ತೋಳು ಗಟ್ಟಿ, ಅಡಿಕೆ ಕೊಯ್ಲಿನ ಕಾಲದಲ್ಲಿ ವಾರಕ್ಕೆ ಎರಡು ದಿನ ಕಾಲೇಜಿಗೆ ಚಕ್ಕರ್ ಹೊಡೆಯುವ ಹುಡುಗ. ಯಜಮಾನರು ಟೇಪನ್ನು ಅವನ ತಲೆಗೆ ಸುತ್ತುತ್ತಾ ಕೇಳಿದರು: ‘ತೊಡೆ ಮುರಿದ್ಮೇಲೆ ಇವ್ನು ರಂಗಕ್ಕೆ ಹೇಗೆ ಬರ್ತಾನೆ? ಹೊತ್ಕೊಂಡ್ ಬರ್ತಾರಾ, ತೆವಳ್ತಾನಾ?’

ನಾನು ‘ಭಾಸನ ಪ್ರಕಾರ...’ ಅಂತ ಬಾಯಿ ತೆರೆಯುವಷ್ಟರಲ್ಲಿ ಹುಡುಗ ನೆಲಕ್ಕೆ ಕೂತಿದ್ದ. ಎರಡೂ ಅಂಗೈ ಹಿಂದಕ್ಕೆ ಊರಿದ, ಸೊಂಟ ಒಂದು ಗೇಣು ಎತ್ತಿದ, ಹಿಂದಕ್ಕೆ ಸರಿದ. ಕಾಲುಗಳು ಒದ್ದೆ ಗೋಣಿಚೀಲದ ಹಾಗೆ ಎಳೆದುಕೊಂಡು ಬಂದವು. ಮತ್ತೆ ಅಂಗೈ, ಮತ್ತೆ ಸೊಂಟ. ಮುಖದಲ್ಲಿ ನೋವು ಗೀವು ಏನೂ ತೋರಿಸಲಿಲ್ಲ. ಮುಂದಿನ ಅಂಗೈ ಎಲ್ಲಿಡಬೇಕು ಅಂತ ನೆಲ ನೋಡುತ್ತಿದ್ದ ಅಷ್ಟೇ. ಟೊಮೇಟೊ ಡ್ರೆಸ್ಸಿನ ತನಕ ಹೋಗಿ ನಿಂತ.

‘ಎಲ್ಲಿ ಕಲಿತ್ಯೋ ತಮ್ಮ?’

‘ಅಪ್ಪ ಬಚ್ಚಲಿಗೆ ಹೋಗೋದು ಹೀಗೇ.’

ಅವನ ಅಪ್ಪ ಕೊನೆಗಾರ, ಅಡಿಕೆ ಮರ ಹತ್ತಿ ಗೊನೆ ಇಳಿಸುವವರು. ಎರಡು ವರ್ಷದ ಹಿಂದೆ ಒಂದು ಮರದಿಂದ ಪಕ್ಕದ ಮರಕ್ಕೆ ದಾಟುವಾಗ ಕೈ ತಪ್ಪಿ ಬಿದ್ದರಂತೆ. ಎರಡು ವರ್ಷ ಅವನಿಗೆ ಪಾಠ ಮಾಡಿದ ನನಗೆ ಇದು ಗೊತ್ತಿರಲಿಲ್ಲ. ಕೊನೆಗಾರರನ್ನು ನೋಡಿದವರಿಗೆ ಗೊತ್ತು, ತೋಟದಲ್ಲಿ ಮರದಿಂದ ಮರಕ್ಕೆ ಬಾಗಿಸಿಕೊಂಡು ದಾಟುವವನು ಇರುವುದರಲ್ಲೇ ಜಾಣ ಕೊನೆಗಾರ. ಪ್ರತಿ ಮರಕ್ಕೂ ಇಳಿದು ಹತ್ತುವವನಿಗೆ ಆ ಅಪಾಯವಿಲ್ಲ. ಗುರಿ ತಪ್ಪುವುದು ಅಂದರೇನು ಅಂತ ನಾನು ಗ್ರೀಸಿನ ತನಕ ಹೋಗಿ ಹುಡುಕುತ್ತಿದ್ದೆ.

ಯಜಮಾನರು ಸ್ವಲ್ಪ ಹೊತ್ತು ಟೇಪನ್ನು ಬೆರಳಿಗೆ ಸುತ್ತುತ್ತಾ ನಿಂತರು. ಆಮೇಲೆ ಪೂರಾ ದರ್ಜಿಯಾಗಿ ಮಾತಾಡಿದರು. ‘ಹಂಗಾದ್ರೆ ಕಚ್ಚೆ ಬೇಡ. ಹಿಮ್ಮಡಿಗೆ ಸಿಕ್ಕಿ ಬಿಚ್ಚಿ ಹೋಗುತ್ತೆ, ಮರ್ಯಾದೆ ಹೋಗುತ್ತೆ. ಒಳಗೊಂದು ಚಡ್ಡಿ ಹೊಲ್ದು, ಅದಕ್ಕೇ ಪಂಚೆ ನೆರಿಗೆ ಹಾಕಿ ಟಾಕು ಹಾಕ್ಕೊಡ್ತೀನಿ. ಭುಜಕೀರ್ತಿನೂ ಬೇಡ, ಕೈ ಊರ್ಬೇಕಲ್ಲ.’ ಈ ಹೊಲಿಗೆಗೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಸ್ಟೂಲು ಹತ್ತಿ ಮೇಲಿನ ಅಟ್ಟದಿಂದ ಒಂದು ಕಿರೀಟ ಇಳಿಸಿದರು. ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದ ಹಳೇ ಕಾಲದ್ದು. ಈಗಿನ ಫೈಬರ್ ಕಿರೀಟಗಳ ಹಾಗೆ ಕಣ್ಣಿಗೆ ಹೊಡೆಯುವುದಿಲ್ಲ. ಬೇಗಡೆ ಕಂದಿ ಹಳೇ ಹಿತ್ತಾಳೆ ತಂಬಿಗೆಯ ಬಣ್ಣಕ್ಕೆ ಬಂದಿದೆ. ಹಣೆಯ ಸಾಲಿನಲ್ಲಿ ಏಳು ಕನ್ನಡಿ ಚೂರು, ಎಂಟನೆಯದು ಬಿದ್ದುಹೋದ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ಒಳಗೆ ಸುತ್ತಿದ ಬಟ್ಟೆ ಯಾರ್ಯಾರದೋ ತಲೆಯ ಎಣ್ಣೆ ಕುಡಿದು ಕರ್ರಗಾಗಿದೆ. ಅದರ ಮೇಲೊಂದು ಹೊಸ ಬಟ್ಟೆ ಸುತ್ತಿಕೊಟ್ಟರು. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಹುಡುಗ ತಲೆಗಿಟ್ಟುಕೊಂಡು ಕತ್ತು ನೆಟ್ಟಗೆ ಮಾಡಿದ ನೋಡಿ, ಆಗ ಭಾರ ಕಾಣಿಸಿತು.

ತೆವಳುವಾಗ ಇದು ಬೀಳುತ್ತದೆ, ರಂಗಕ್ಕೆ ಬರುವ ಮೊದಲೇ ತೆಗೆದುಬಿಡೋಣ ಅನ್ನುವುದು ನನ್ನ ಯೋಚನೆ. ಯಜಮಾನರು ಒಪ್ಪಲೇ ಇಲ್ಲ.

‘ಕಿರೀಟ ಇಟ್ಕೊಂಡೇ ತೆವಳ್ಬೇಕು ಮೇಡಮ್ಮ. ತೆಗೆದ್ರೆ ಯಾರೋ ಒಬ್ಬ ಬಿದ್ದವ್ನೆ ಅಷ್ಟೇ.’

ಉನ್ನತ ಕುಲ ಅಂತ ಗೈಡಿನಲ್ಲಿ ಓದಿಸುವಾಗೆಲ್ಲ ನನಗೆ ಮುಜುಗರ. ರಾಜರಿಗೆ ಮಾತ್ರ ದುರಂತವಾ, ಕೂಲಿಯವನಿಗೆ ಇಲ್ಲವಾ ಅಂತ ಯಾವುದೋ ಒಂದು ಮಗು ಪ್ರತಿ ವರ್ಷ ಕೇಳುತ್ತದೆ. ಯಜಮಾನರ ಲೆಕ್ಕದಲ್ಲಿ ಅದು ಕುಲದ ಮಾತಲ್ಲ, ಎತ್ತರವೂ ನೆಲವೂ ಒಂದೇ ನೋಟಕ್ಕೆ ಸಿಗಬೇಕು, ಅಷ್ಟೇ. ಅರ್ಧ ಒಪ್ಪಿದೆ. ಇನ್ನರ್ಧ, 40 ಅಡಿ ಅಡಿಕೆ ಮರದಿಂದ ಬಿದ್ದವನಿಗೆ ಯಾವ ಕಿರೀಟ ಹಾಕಬೇಕಿತ್ತು ಅನ್ನುವುದು, ಬಸ್ಸಿನಲ್ಲಿ ಆ ಹುಡುಗನ ಪಕ್ಕ ಕೂತು ವಾಪಸ್ಸು ಬರುವಷ್ಟು ಹೊತ್ತೂ ಕೊರೆಯುತ್ತಿತ್ತು. ಇನ್ನೂ ಉತ್ತರ ಸಿಕ್ಕಿಲ್ಲ.

ಗ್ರೀಕ್ ಕಡೆಯ ಸರಬರಾಜಿಗೆ ಅಂಕ ಕಡಿಮೆ. ಈಡಿಪಸ್ಸನಿಗೆ ಅಂತ ಯಜಮಾನರು ತೆಗೆದದ್ದು ಬಂಗಾರದ ಬಣ್ಣದ ಪ್ಲಾಸ್ಟಿಕ್ ಎದೆಕವಚ, ಕೆಂಪು ಸ್ಕರ್ಟು, ತಲೆಗೆ ಬ್ರಷ್ಷಿನಂಥ ಟೋಪಿ. ಕ್ರಿಸ್‌ಮಸ್ ನಾಟಕದ ರೋಮನ್ ಸೈನಿಕ! ‘ಅದೇ ಅಲ್ವಾ ಗ್ರೀಕ್?’ ಅಂದರು. ಬೇಡ ಅಂದು ಎರಡು ಬಿಳಿ ಪಂಚೆಯಲ್ಲೇ ಸುಧಾರಿಸಿದೆವು. ಆದರೆ ಅವರ ಸೀರೆಪಿನ್ನಿನ ಡಬ್ಬಿಯಲ್ಲಿ ಅಂಗೈ ಅಗಲದ ಎರಡು ಹಿತ್ತಾಳೆ ಪಿನ್ನು ಸಿಕ್ಕವು. ಜೊಕಾಸ್ಟಳ ಪಾರ್ಟಿನ ಹುಡುಗಿ ಅದನ್ನು ನೋಡಿದ್ದೇ ‘ಮೇಡಂ, ಇದು ಮೊದಲಿಂದಲೇ ನನ್ನ ಭುಜದ ಮೇಲೆ ಇರ್ಲಿ. ಜನ ಚೆಂದ ಇದೆ ಅಂತ ನೋಡಿರ್ಬೇಕು’ ಅಂದಳು. ಈಡಿಪಸ್ ಕಣ್ಣು ಚುಚ್ಚಿಕೊಳ್ಳುವುದು ಅವಳ ಉಡುಪಿನ ಪಿನ್ನಿನಿಂದಲೇ. ಅದು ತೆರೆಯ ಹಿಂದೆ ನಡೆಯುತ್ತದೆ, ದೂತ ಬಂದು ಹೇಳುತ್ತಾನೆ. ನಮಗೆ ಅದೊಂದು ಅನುಕೂಲ, ಯಾಕಂದರೆ ಬಟ್ಟೆಗೆ ಕೆಂಪು ಬಣ್ಣ ತಾಗಿದರೆ ಡಿಪಾಸಿಟ್ಟಿಲ್ಲ ಅನ್ನುವುದು ಅಂಗಡಿಯ ಕಾನೂನು. ರಕ್ತದ ಬದಲು ಕಣ್ಣಿಗೊಂದು ಕೆಂಪು ರಿಬ್ಬನ್ ಕಟ್ಟಿದೆವು. ಗಡ್ಡದ ಗೋಂದು ಮಾತ್ರ ಕೆಟ್ಟದ್ದು. ಕುರುಬನಾಗಿದ್ದ ಹುಡುಗನ ಗಲ್ಲವೆಲ್ಲ ದದ್ದು ಎದ್ದು ಎರಡು ದಿನ ತುರಿಸಿಕೊಂಡ. ಸ್ವಂತ ಗೋಂದು ಒಯ್ಯಿರಿ.

ಸಾಮಾನು ತಂದದ್ದು ಸಂಜೆಯ ಬಸ್ಸಿನಲ್ಲಿ. ಕಿರೀಟದ ಡಬ್ಬಿ ತೊಡೆಯ ಮೇಲೆ, ಮೂಟೆ ಡ್ರೈವರ್ ಪಕ್ಕ. ಮಂಡಗದ್ದೆ ದಾಟಿದ ಮೇಲೆ ಮನಸ್ಸಿಗೇನೋ ಅನುಮಾನ ಬಂದು ಮೂಟೆ ಬಿಚ್ಚಿ ಎಣಿಸಿದರೆ ಗದೆ ಒಂದೇ. ಎರಡಕ್ಕೆ ದುಡ್ಡು ಕೊಟ್ಟಿದ್ದೆ. ಫೋನು ಮಾಡಿದರೆ ಎತ್ತಲಿಲ್ಲ (ಅವರು ಯಾವತ್ತೂ ಎತ್ತುವುದಿಲ್ಲ). ಗದಾಯುದ್ಧಕ್ಕೆ ಒಂದೇ ಗದೆ! ಬೆಳಿಗ್ಗೆ ಕಾರ್ಯಕ್ರಮ. ಮನೆ ಮುಟ್ಟಿ ಗಂಜಿ ಕುಡಿಯುವಾಗ ತಲೆ ತಿಳಿಯಾಯಿತು: ಊರುಭಂಗದಲ್ಲಿ ಗದಾಯುದ್ಧವೇ ಇಲ್ಲ. ಭೀಮ ರಂಗಕ್ಕೆ ಬರುವುದೇ ಇಲ್ಲ. ಮೂವರು ಭಟರು ನಿಂತು ವರ್ಣಿಸುತ್ತಾರೆ, ಕೃಷ್ಣ ತನ್ನ ತೊಡೆ ತಟ್ಟಿ ಸನ್ನೆ ಮಾಡಿದ್ದು, ಭೀಮ ಹೊಡೆದದ್ದು ಎಲ್ಲ ಮಾತಿನಲ್ಲೇ. ಹೊಡೆತ ಮುಗಿದ ಮೇಲೆ ಏನಾಗುತ್ತದೆ ಅನ್ನುವುದಷ್ಟೇ ಭಾಸನಿಗೆ ಬೇಕಾದದ್ದು. ಅಂಗಡಿಯವರ ತಪ್ಪನ್ನು ಭಾಸ ಮುಚ್ಚಿಹಾಕಿದ.

ಆ ‘ಆಮೇಲೆ’ ಏನಾಗುತ್ತದೆ ಅಂತ ಸ್ವಲ್ಪ ಹೇಳಲೇಬೇಕು. ಬಲರಾಮ ಸಿಟ್ಟಿನಿಂದ ಪಾಂಡವರನ್ನು ಕೊಲ್ಲಲು ಹೊರಡುತ್ತಾನೆ, ಕೌರವನೇ ಬೇಡ ಅನ್ನುತ್ತಾನೆ. ಅಶ್ವತ್ಥಾಮ ಸೇಡಿನ ಮಾತಾಡಿದಾಗ ಲೆಕ್ಕ ಒಪ್ಪಿಸುತ್ತಾನೆ: ದ್ರೌಪದಿಯ ಮುಡಿ ಎಳೆದೆವು, ಮಗು ಅಭಿಮನ್ಯುವನ್ನು ಕೊಂದೆವು, ಮೋಸದ ಜೂಜಿನಲ್ಲಿ ಗೆದ್ದು ಅವರನ್ನು ಕಾಡಿಗೆ ಅಟ್ಟಿದೆವು, ಅದರ ಮುಂದೆ ಅವರು ನನಗೆ ಮಾಡಿದ್ದು ಕಮ್ಮಿಯೇ. ಖಳನ ಅಟ್ಟಣೆಯ ಯಾವ ಕಿರೀಟದ ಕೆಳಗೂ ಈ ಮಾತು ಬರುವುದಿಲ್ಲ. ರನ್ನನ ‘ಗದಾಯುದ್ಧ’ ಕಾವ್ಯದ ಕೌರವನೂ ಹೀಗೇ, ಹೆಣಗಳ ನಡುವೆ ನಡೆದು ಹೋಗುವಾಗ ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ನಿನ್ನಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಬಿಎಂಶ್ರೀ 1926ರಲ್ಲಿ ಆ ಕಾವ್ಯವನ್ನು ನಾಟಕ ಮಾಡಿದ್ದು ಸುಮ್ಮನೆ ಅಲ್ಲ. ಸೊಫೊಕ್ಲಿಸನ ಇನ್ನೊಬ್ಬ ದುರಂತ ನಾಯಕ ಅಯಾಸನನ್ನು (ಇಂಗ್ಲಿಷಿನಲ್ಲಿ ಏಜಾಕ್ಸ್) ಅಶ್ವತ್ಥಾಮನನ್ನಾಗಿ ಮಾಡಿ 1929ರಲ್ಲಿ ಕನ್ನಡಕ್ಕೆ ತಂದವರೂ ಅವರೇ.

ನಮ್ಮ ನಾಟಕದ ದಿನ ಕೌರವ ಕಿರೀಟ ಇಟ್ಟುಕೊಂಡೇ ತೆವಳಿದ. ಬೀಳಲಿಲ್ಲ. ಮೈದಾನದಲ್ಲಿ ಐಸ್‌ಕ್ಯಾಂಡಿಯವನ ಗಂಟೆಯೂ ನಿಂತಿತ್ತು. ಮಗ ದುರ್ಜಯ ಓಡಿ ಬಂದು ತೊಡೆ ಏರಲು ನೋಡುತ್ತಾನೆ, ನೀನು ಕೂತು ರೂಢಿಯಾದ ಜಾಗ ಇವತ್ತಿನಿಂದ ಇಲ್ಲ ಮಗನೇ, ಬೇರೆಲ್ಲಾದರೂ ಕೂತುಕೋ ಅನ್ನುತ್ತಾನೆ ಅಪ್ಪ. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆಯೂ ಅದೇ. ಭಾಸ ಅದನ್ನು ಆ ಜಾಗದಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಕೂತವರಿಗೆ ಗೊತ್ತಿರುತ್ತದೆ. ಇಲ್ಲಿ ಕೌರವ ಕಿರೀಟ ತೆಗೆದು ಪಕ್ಕಕ್ಕಿಡಬೇಕು ಅಂತ ನಾವು ಮಾಡಿಕೊಂಡದ್ದು. ಇಟ್ಟ. ದುರ್ಜಯನಾಗಿದ್ದವನು ಪಕ್ಕದ ಶಾಲೆಯ ಒಂದನೇ ಕ್ಲಾಸಿನ ಹುಡುಗ. ತಾಲೀಮಿನಲ್ಲಿ ಇಲ್ಲದ್ದನ್ನು ಮಾಡಿಬಿಟ್ಟ. ಆ ಕಿರೀಟ ಎತ್ತಿ ತನ್ನ ತಲೆಗಿಟ್ಟುಕೊಂಡ. ಅದು ಮೂಗಿನ ತನಕ ಇಳಿಯಿತು. ಒಳಗಿಂದ ‘ಕಾಣ್ತಿಲ್ಲ’ ಅಂದ.

ಜನ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ಗಾಂಧಾರಿಯಾಗಿದ್ದ ಹುಡುಗಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡವಳು, ಏನಾಯಿತು ಅಂತ ಗೊತ್ತಾಗದೆ ಆ ಕಡೆ ಈ ಕಡೆ ತಲೆ ತಿರುಗಿಸುತ್ತಿದ್ದಳು. ಕೌರವ ಒಂದು ಕೈ ನೆಲಕ್ಕೂರಿಯೇ ಇನ್ನೊಂದು ಕೈಯಿಂದ ಮಗುವಿನ ತಲೆಯ ಮೇಲಿಂದ ಕಿರೀಟ ತೆಗೆದು, ಕೂದಲು ಸರಿಮಾಡಿ, ಮುಂದಿನ ಮಾತು ಹೇಳಿದ. ಪಾಂಡವರನ್ನು ನನ್ನ ಹಾಗೇ ನೋಡಿಕೋ, ಕುಂತಿಯ ಮಾತು ಕೇಳು. ಅವನ ಅಪ್ಪ ಬಂದಿರಲಿಲ್ಲ. ಆಮೇಲೆ ವಿಚಾರಿಸಿದ್ದಕ್ಕೆ ‘ಹೇಳ್ಲೇ ಇಲ್ಲ ಮೇಡಂ’ ಅಂದ. ಈಡಿಪಸ್ಸೂ ಚೆನ್ನಾಗಿಯೇ ಆಯಿತು. ಆದರೆ ಊಟದ ಹೊತ್ತಾಗಿತ್ತು, ಅರ್ಧ ಜನ ಎದ್ದಿದ್ದರು.

ಮೂರನೇ ಸಲ ಸಾಮಾನು ಒಪ್ಪಿಸಲು ಹೋದೆ. ಯಜಮಾನರು ಒಂದೊಂದೇ ಬಿಚ್ಚಿ, ಬೆಳಕಿಗೆ ಹಿಡಿದು, ಮೂಸಿ ನೋಡಿ ಇಟ್ಟುಕೊಳ್ಳುತ್ತಾರೆ. ಪುರುಸೊತ್ತು ಮಾಡಿಕೊಂಡು ಹೋಗಿ, ಒಂದು ಗಂಟೆ ಬೇಕು. ಕಿರೀಟದಲ್ಲಿ ಇನ್ನೊಂದು ಕನ್ನಡಿ ಚೂರು ಹೋಗಿತ್ತು. 50 ರೂಪಾಯಿ ಮುರಿದುಕೊಂಡರು. ಕೊಡದೇ ಹೋದ ಗದೆಯ 80 ವಾಪಸ್ಸು ಕೇಳಿದೆ. ‘ನಾಟ್ಕ ನಿಂತಿತ್ತಾ ಅದ್ರಿಂದ?’ ಅಂದರು. ಇಲ್ಲ ಅಂದೆ. ಆದರೂ ಕೊಟ್ಟರು, ಹತ್ತು ರೂಪಾಯಿ ನೋಟುಗಳಲ್ಲಿ, ಎರಡು ಸಲ ಎಣಿಸಿ. ತೆವಳುವಾಗ ಬಿತ್ತಾ ಅಂತ ಕೇಳಿದರು. ಮಗು ಹಾಕಿಕೊಂಡ ಕತೆ ಹೇಳಿದೆ. ‘ಯಾವ್ ಸೈಜಿನ ಮಗು?’ ಅಂದರು. ಕೈಯಲ್ಲಿ ಎತ್ತರ ತೋರಿಸಿದೆ. ತಲೆಯಾಡಿಸಿ, ಸಿಗರೇಟು ಕಾಗದ ಹುಡುಕಲು ಡ್ರಾ ಎಳೆದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಆಗಸ್ಟ್ ತಿಂಗಳಲ್ಲಿ ಹೋಗಬೇಡಿ, ಅಂಗಡಿ ತುಂಬ ಕೃಷ್ಣಂದಿರು ಅಳುತ್ತಿರುತ್ತಾರೆ. ಡಿಸೆಂಬರ್ ಜನವರಿಗೆ ಬೇಕಾದರೆ ಹದಿನೈದು ದಿನ ಮೊದಲೇ ಹೇಳಿಡಿ, ಪಾತ್ರ ಮಾಡುವವರನ್ನು ಕರೆದುಕೊಂಡೇ ಹೋಗಿ. ಫೋನ್‌ಪೇ ಇಲ್ಲ. ಗದೆ ಎಣಿಸಿಕೊಂಡು ಮೆಟ್ಟಿಲು ಇಳಿಯಿರಿ.